ಅವನು ಮುಚ್ಚಿಟ್ಟ ನಿದ್ದೆ

ಗಾಜಿನ ಬಾಗಿಲಿನ ಆಚೆ, ತನ್ನ ಗಂಡನ ಕೆನ್ನೆಯ ಮೇಲೆ ಇನ್ನೊಬ್ಬ ಹೆಂಗಸಿನ ಕೈ!

ತೇಜಶ್ರೀಯ ಕಾಲು ಫುಟ್‌ಪಾತಿನ ಮೇಲೆಯೇ ನಿಂತುಬಿಟ್ಟಿತು.

ಜೊತೆಗೆ ಪಾಠ ಮಾಡುವ ಟೀಚರ್ ಮನೆಯ ನಾಮಕರಣಕ್ಕೆಂದು ಅವಳು ಕಲ್ಯಾಣ ನಗರಕ್ಕೆ ಬಂದಿದ್ದಳು. ಆಟೋ ಇಳಿದು ಮನೆ ಹುಡುಕುವಾಗ ಮೊದಲು ಕಂಡದ್ದು ಗಂಡ ಸುಗತನ ಬೈಕು. ಸೀಟಿಗೆ ಅವಳೇ ಹೊಲಿದು ಹಾಕಿದ ಕವರ್. ಆಮೇಲೆ ಕಂಡದ್ದು... ಇದು.

ಸುಗತ ಕುರ್ಚಿಯಲ್ಲಿ ಕೂತಿದ್ದ. ಆ ಹೆಂಗಸು ಅವನ ಮುಂದೆ ಬಗ್ಗಿ, ಎರಡೂ ಕೈಯಲ್ಲಿ ಅವನ ಮುಖ ಹಿಡಿದು, ತೀರಾ ಹತ್ತಿರದಿಂದ ನೋಡುತ್ತಿದ್ದಳು. ಅವನು ಕಣ್ಣು ಮುಚ್ಚಿಕೊಂಡಿದ್ದ. ಎಷ್ಟು ನಂಬಿಕೆಯಿಂದ!

ತೇಜಶ್ರೀ ಅವನ ನಂಬರ್ ಒತ್ತಿದಳು. ಒಳಗೆ ಸುಗತ ಕಣ್ಣು ತೆರೆದು ಜೇಬಿಗೆ ಕೈ ಹಾಕಿದ.

"ಹೇಳು ತೇಜು."

"ಎಲ್ಲಿದ್ದೀರಾ?"

"ಕಂಪನಿಯಲ್ಲೇ ಕಣೆ. ಓಟಿ ಇನ್ನೂ ಮುಗಿದಿಲ್ಲ."

"ತಿಂಡಿ ತಿಂದ್ರಾ?"

"ಹ್ಞೂಂ. ಕ್ಯಾಂಟೀನಲ್ಲಿ ಉಪ್ಪಿಟ್ಟು. ಚೆನ್ನಾಗೇ ಇರ್ಲಿಲ್ಲ, ಬಿಡು."

ಗಾಜಿನ ಮೂಲಕ ಅವನ ತುಟಿ ಅಲುಗುವುದು ಕಾಣುತ್ತಿತ್ತು. ಕಿವಿಯಲ್ಲಿ ಅದೇ ಮಾತು ಕೇಳುತ್ತಿತ್ತು. ಸುಳ್ಳಿಗೆ ಉಪ್ಪಿಟ್ಟಿನವರೆಗೂ ಅಲಂಕಾರ!

ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮಧ್ಯಾಹ್ನ ದೊಡ್ಡನೆಕ್ಕುಂದಿಯ ಫ್ಯಾಕ್ಟರಿಗೆ ಹೋಗುವ ಸುಗತ, ಓಟಿ ಇದೆ ಎಂದು ಹೇಳಿ ಬೆಳಗಾದ ಮೇಲೆಯೇ ಮನೆಗೆ ಬರುತ್ತಿದ್ದ. ರಜೆಯ ದಿನವೂ ರಾತ್ರಿ ಟೀವಿ ಮುಂದೆಯೇ ಕೂತಿರುತ್ತಿದ್ದ. ಕೇಳಿದರೆ, "ನಿದ್ದೆಯ ಅಭ್ಯಾಸ ತಪ್ಪಿಹೋಗಿದೆ, ನೀನು ಮಲಗು" ಎನ್ನುತ್ತಿದ್ದ. ಕೆನ್ನೆಯ ಮೇಲಿನ ಕೆಂಪು ಗೆರೆಗಳನ್ನು ಕೇಳಿದರೆ, "ಕಂಪನಿಯ ಗಾಗಲ್ಸ್ ಬಿಗಿ" ಎನ್ನುತ್ತಿದ್ದ.

ಅವಳು ಆ ಗೆರೆಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿದ್ದಳು... ಪೆದ್ದಿ!

ಬಾಗಿಲು ತಳ್ಳಿ ಒಳಗೆ ಹೋದಳು.

"ಬನ್ನಿ ಮೇಡಂ, ಕೂತ್ಕೊಳಿ. ಸರ್‌ದು ಮಾಸ್ಕ್ ಟ್ರಯಲ್ ಮುಗಿಸಿಬಿಡ್ತೀನಿ" ಎಂದಳು ಆ ಹೆಂಗಸು. ಕೋಟಿನ ಮೇಲೆ ಬೃಂದಾ ಎಂದು ಹೆಸರಿತ್ತು.

"ಈ ಸರ್ ನನ್ನ ಗಂಡ."

ಸುಗತನ ಮುಖದ ರಕ್ತ ಇಳಿದುಹೋಯಿತು. ಆದರೆ ಬೃಂದಾಳ ಮುಖ ಅರಳಿತು!

"ಅಯ್ಯೋ, ನೀವೇನಾ! ಕೊನೆಗೂ ಬಂದ್ರಲ್ಲ! ಎಷ್ಟು ಸಲ ಹೇಳಿದ್ದೀನಿ ಇವರಿಗೆ, ಮನೆಯವ್ರನ್ನ ಕರ್ಕೊಂಡ್ ಬನ್ನಿ ಅಂತ. ನಿದ್ದೆಯಲ್ಲಿ ಮಾಸ್ಕ್ ಎಲ್ಲಿ ಸೋರತ್ತೆ ಅಂತ ಪಕ್ಕದಲ್ಲಿ ಮಲಗೋರಿಗೆ ತಾನೇ ಗೊತ್ತಾಗೋದು?"

ತೇಜಶ್ರೀ ಆಗ ಸುತ್ತ ನೋಡಿದಳು. ಗೋಡೆಯ ಕಪಾಟಿನ ತುಂಬ ಮಾಸ್ಕುಗಳು. ಮೂಗು ಬಾಯಿ ಎರಡನ್ನೂ ಮುಚ್ಚುವಂಥವು, ಮೂಗನ್ನು ಮಾತ್ರ ಮುಚ್ಚುವಂಥವು. ಮೇಜಿನ ಮೇಲೆ ಒಂದು ಪುಟ್ಟ ಮೆಷಿನ್, ಅದರಿಂದ ಹೊರಟ ಉದ್ದನೆಯ ಪೈಪು.

"ಏನಿದು?"

ಬೃಂದಾ ಇಬ್ಬರ ಮುಖವನ್ನೂ ನೋಡಿ ಸ್ವಲ್ಪ ಗಲಿಬಿಲಿಯಾದಳು.

"ಸ್ಲೀಪ್ ಆ್ಯಪ್ನಿಯಾ ಮೇಡಂ... ಮಲಗಿದಾಗ ಗಂಟಲು ಮುಚ್ಕೊಂಡು ಉಸಿರು ನಿಲ್ಲತ್ತೆ. ಆಮೇಲೆ ಬೆಚ್ಚಿಬಿದ್ದು ಎಳ್ಕೊಳ್ತಾರೆ. ರಾತ್ರಿಯೆಲ್ಲ ಹಾಗೇ. ಈ ಮೆಷಿನ್ ಗಾಳಿ ಒತ್ತಿ ದಾರಿ ತೆರೆದಿಡತ್ತೆ. ಆದ್ರೆ ಇವರ ಮಾಸ್ಕ್ ಸೋರ್ತಾನೇ ಇದೆ. ಮೀಸೆ ತೆಗೀರಿ, ಆಗ ಇದು ಸರಿಯಾಗಿ ಕೂರತ್ತೆ ಅಂದೆ. 'ನನ್ ಹೆಂಡ್ತಿಗೆ ಮೀಸೆ ಇಷ್ಟ, ತೆಗೆಯಲ್ಲ' ಅಂತಾರೆ!"

ಬೃಂದಾ ನಕ್ಕಳು. ಬೇರೆ ಯಾರೂ ನಗಲಿಲ್ಲ.

ಇನ್ನೊಬ್ಬ ಹೆಂಗಸು ಅಲ್ಲ... ಒಂದು ಕ್ಷಣ ತೇಜಶ್ರೀಯ ಎದೆ ಹಗುರಾಯಿತು. ಆದರೆ ಒಂದೇ ಕ್ಷಣ.

"ಯಾವಾಗಿಂದ?" ಎಂದಳು.

"ತೇಜು, ಮನೆಗೆ ಹೋಗಿ ಮಾತಾಡೋಣ..."

"ಯಾವಾಗಿಂದ?!"

"ಮದುವೆಗೆ ಮುಂಚಿನಿಂದ."

"ಹಾಗಾದ್ರೆ ಓಟಿ?"

ಅವನು ತಲೆ ತಗ್ಗಿಸಿದ. "ಬೈಯಪ್ಪನಹಳ್ಳಿಯಲ್ಲಿ ನನ್ನ ಜೊತೆ ಕೆಲಸ ಮಾಡೋ ಶರಣಬಸವನ ರೂಮ್ ಇದೆ. ಮೆಷಿನ್ ಅಲ್ಲಿದೆ. ರಾತ್ರಿ ಅಲ್ಲೇ ಮಲಗ್ತೀನಿ."

ಮೀಸೆಯನ್ನು ಕಾಪಾಡಿದ್ದ. 'ಮೀಸೆ ಚೆನ್ನಾಗಿದೆ' ಎಂದ ಅವಳ ಒಂದು ತಮಾಷೆಯ ಮಾತಿಗೆ ಅಷ್ಟು ಬೆಲೆ ಕೊಟ್ಟಿದ್ದ. ಸತ್ಯ ಹೇಳುವಷ್ಟು ಬೆಲೆ ಮಾತ್ರ ಅವಳಿಗಿರಲಿಲ್ಲ!

ಇನ್ನೊಬ್ಬಳಿದ್ದಿದ್ದರೆ ಅವಳೊಬ್ಬಳ ಮೇಲೆ ಸಿಟ್ಟು ಮಾಡಬಹುದಿತ್ತು. ಈಗ ಯಾರ ಮೇಲೆ? ಬೃಂದಾಗೆ ಗೊತ್ತು. ಶರಣಬಸವನಿಗೆ ಗೊತ್ತು. ಗೊತ್ತಿಲ್ಲದವಳು ತಾನೊಬ್ಬಳೇ.

ಅವಳು ತಿರುಗಿ ನಡೆದಳು. ನಾಮಕರಣಕ್ಕೆ ತಂದಿದ್ದ ಪುಟ್ಟ ಫ್ರಾಕಿನ ಪೊಟ್ಟಣ ಆ ಮೇಜಿನ ಮೇಲೆಯೇ ಉಳಿಯಿತು.

*

ಹಲಸೂರಿನ ಮನೆಯಲ್ಲಿ ಅತ್ತೆ ಅಂಜಿನಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಸೊಸೆ ಬ್ಯಾಗಿಗೆ ಬಟ್ಟೆ ತುಂಬುವುದನ್ನು ನೋಡಿ ಅವರ ಕೈ ನಿಂತಿತು.

"ಏನಾಯ್ತಮ್ಮ?"

"ನಿಮಗೂ ಗೊತ್ತಿತ್ತಾ ಅತ್ತೆ? ಅವರ ಉಸಿರಿನ ವಿಷಯ?"

ಅಂಜಿನಮ್ಮ ಅವರೆಕಾಯಿಯನ್ನು ಪಕ್ಕಕ್ಕೆ ಸರಿಸಿದರು.

"ನನ್ನೇ ಬೈಯ್ಯಿ, ಅವನನ್ನ ಅನ್ನಬೇಡ" ಎಂದರು. "ಮೊದಲೊಂದು ಹೆಣ್ಣು ಗೊತ್ತಾಗಿತ್ತು. ನಿಶ್ಚಿತಾರ್ಥಕ್ಕೆ ಬಂದೋರು ಇಲ್ಲೇ ರಾತ್ರಿ ಉಳ್ಕೊಂಡ್ರು. ಅವರ ಸೋದರಮಾವ ಇವನ ಪಕ್ಕ ಮಲಗಿದ್ದ. ಗೊರಕೆ ಕೇಳ್ದ, ಉಸಿರು ನಿಂತದ್ದೂ ನೋಡ್ದ. ಬೆಳಿಗ್ಗೆ ಕಾಫಿನೂ ಕುಡೀದೆ ಎದ್ದುಹೋದ್ರು. 'ಈ ಹುಡುಗ ಬಾಳಲ್ಲ' ಅಂತ ಬೀದಿ ತುಂಬ ಅಂದ್ರು. ಆಮೇಲೆ ನಿನ್ನ ಸಂಬಂಧ ಬಂತು... ಒಂದು ಮಗು ಆಗೋವರೆಗೂ ಹೇಳ್ಬೇಡ ಅಂತ ನಾನೇ ಅವನ ಬಾಯಿ ಕಟ್ಟಿಹಾಕ್ದೆ. ಓಟಿ ಅನ್ನೋದೂ ನಂದೇ ಉಪಾಯ."

"ಮಗು ಆದ್ಮೇಲೆ ನಾನು ಬಿಟ್ಟುಹೋಗೋಕೆ ಆಗಲ್ಲ ಅಂತಾನಾ?"

ಅಂಜಿನಮ್ಮನ ಕಣ್ಣು ತುಂಬಿತು.

ಅಷ್ಟರಲ್ಲಿ ಸುಗತ ಏದುಸಿರು ಬಿಡುತ್ತಾ ಒಳಗೆ ಬಂದ. ಹೆಲ್ಮೆಟ್ ಇನ್ನೂ ತಲೆಯ ಮೇಲೆಯೇ ಇತ್ತು.

"ತೇಜು, ಒಂದ್ಸಲ ನನ್ನ ಮಾತು ಕೇಳು..."

ತೇಜಶ್ರೀ ಗೋಡೆಯ ಮೇಲಿದ್ದ ಬುದ್ಧನ ಪಟದ ಕಡೆ ಕೈ ತೋರಿದಳು. ಅದರ ಮುಂದೆಯೇ, ಬಿಳಿ ಬಟ್ಟೆಯುಟ್ಟು, ಬೌದ್ಧ ಭಿಕ್ಷು ಭಂತೇಜಿ ಹೇಳಿಕೊಟ್ಟಂತೆ ಇಬ್ಬರೂ ಪಂಚಶೀಲದ ಐದು ಪ್ರತಿಜ್ಞೆ ಹೇಳಿದ್ದರು. ಅದೇ ಅವರ ಮದುವೆ.

"ನಾಲ್ಕನೇ ಶೀಲ ಏನು? ಹೇಳಿ."

ಅವನು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದ.

"ನಾನೇ ಹೇಳ್ತೀನಿ. ಸುಳ್ಳು ಹೇಳಲ್ಲ ಅಂತ. ಅದನ್ನ ಹೇಳುವಾಗ ನಿಮ್ಮ ನಾಲಿಗೆ ಒಂಚೂರೂ ತಡವರಿಸಲಿಲ್ವಾ? ಪಕ್ಕದಲ್ಲಿ ನಾನಿದ್ದೆ ಅಲ್ವಾ! ನಾನು ಎಷ್ಟು ನಿಜವಾಗಿ ಹೇಳಿದ್ದೆ ಗೊತ್ತಾ?"

"ಕಳ್ಕೊಂಡ್ಬಿಡ್ತೀನಿ ಅನ್ನೋ ಭಯ ಇತ್ತು..."

"ಭಯ ನಿಮಗಿತ್ತು. ಶಿಕ್ಷೆ ನನಗ್ಯಾಕೆ? ರಾತ್ರಿಯೆಲ್ಲ ಒಬ್ಬಳೇ ಮಲಗಿ, ನಾನು ಇವರಿಗೆ ಇಷ್ಟ ಇಲ್ವೇನೋ, ನನ್ನಲ್ಲೇ ಏನೋ ಕೊರತೆ ಇದೆಯೇನೋ ಅಂತ ಅಂದ್ಕೊಂಡಿದ್ದೀನಿ ಸುಗತ!"

ಮೊದಲ ಸಲ ಅವಳು ಅವನ ಹೆಸರು ಹಿಡಿದು ಕರೆದಿದ್ದಳು. ಪ್ರೀತಿಯಿಂದ ಕರೆಯಬೇಕಾದ ಹೆಸರು... ಹೀಗೆ ಬಂತು.

ಅವನು ತಡೆಯಲಿಲ್ಲ. ತಡೆಯುವ ಹಕ್ಕು ಅವನಿಗೆ ಉಳಿದಿರಲಿಲ್ಲ.

*

ಕೆ.ಆರ್. ಪುರದ ತವರಿನಲ್ಲಿ ಅಮ್ಮ ಬಾಗಿಲು ತೆರೆದವರೇ ಬ್ಯಾಗನ್ನು ನೋಡಿದರು. ಆಮೇಲೆ ಮಗಳ ಮುಖ ನೋಡಿದರು.

"ಏನೇ, ಹೇಳ್ದೆ ಕೇಳ್ದೆ?"

"ಅವರಿಗೆ ಓಟಿ ಜಾಸ್ತಿ ಇದೆಯಮ್ಮ. ಅದಕ್ಕೇ ನಾಲ್ಕು ದಿನ ಇದ್ದು ಹೋಗೋಣ ಅಂತ..."

ಮಾತು ಬಾಯಿಂದ ಹೊರಟ ಮೇಲೆ ತೇಜಶ್ರೀ ಬೆಚ್ಚಿದಳು.

ಅದೇ ಸುಳ್ಳು! ಒಂದಕ್ಷರವೂ ಬದಲಾಗದೆ!

ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು. 'ಯಾಕೆ ಹಾಗೆ ಹೇಳಿದೆ? ಅಮ್ಮನಿಗೆ ಮೋಸ ಮಾಡುವುದಕ್ಕಲ್ಲ. ನಾಚಿಕೆಯಾಯಿತು... ಅಷ್ಟೇ. ನಾಚಿಕೆಯಾದಾಗ ಬಾಯಿಗೆ ಮೊದಲು ಬರುವುದು ಸುಳ್ಳೇ.'

ಹಾಗಂತ ಸುಗತನ ಮೇಲಿನ ಸಿಟ್ಟು ಇಳಿಯಲಿಲ್ಲ. ತಾನು ಹೇಳಿದ್ದು ಒಂದೇ ಸುಳ್ಳು. ಅವನು ದಿನಾ ಬೆಳಿಗ್ಗೆ ಅವಳ ಕೈಯ ಕಾಫಿ ಕುಡಿಯುತ್ತಾ ಹೇಳಿದ್ದ.

ಅವನ ಫೋನು ಬರುತ್ತಿತ್ತು. ಅವಳು ಎತ್ತುತ್ತಿರಲಿಲ್ಲ. ಎತ್ತದೇ ಇರುವುದೂ ಒಂದು ಕೆಲಸವೇ, ಅದಕ್ಕೂ ಶಕ್ತಿ ಬೇಕು... ಅದು ಅವಳಿಗೆ ಆಗಲೇ ಗೊತ್ತಾದದ್ದು. ಆಮೇಲೆ ಒಂದು ದಿನ ಫೋನು ಬರುವುದೇ ನಿಂತಿತು.

ಆ ವಾರದ ಕೊನೆಗೆ, ಶಾಲೆ ಬಿಟ್ಟು ಅವಳು ಗೇಟಿನಿಂದ ಹೊರಗೆ ಬರುವಾಗ ಒಬ್ಬ ಯುವಕ ಎದುರು ಬಂದು ಕೈ ಮುಗಿದ.

"ಅಕ್ಕಾರ, ನಾ ಶರಣಬಸವ ಅದೀನ್ರಿ. ಸುಗತನ ಜೋಡಿ ಫ್ಯಾಕ್ಟರ್‍ಯಾಗ ಕೆಲಸ ಮಾಡ್ತೀನ್ರಿ."

"ಓ... ರೂಮಿನವರು!" ಅವಳ ದನಿ ಚೂರಿಯಂತಿತ್ತು. "ನೀವೂ ಸೇರ್ಕೊಂಡು ಚೆನ್ನಾಗಿ ನಡೆಸಿದ್ರಿ."

"ತಪ್ಪಾತ್ರಿ ಅಕ್ಕಾರ. ಬೈರಿ, ಬ್ಯಾಡ ಅನ್ನಂಗಿಲ್ಲ. ನಮ್ಮವ್ವ ಊರಿಂದ ಕಳಿಸಿದ ಶೇಂಗಾ ಹಿಂಡಿ ತಂದೀನ್ರಿ. ಇದನ್ನ ಹಿಡಕೊಂಡು ಬೈರಿ."

ಅವಳು ಆ ಚಟ್ನಿಪುಡಿಯ ಪೊಟ್ಟಣ ತೆಗೆದುಕೊಳ್ಳಲಿಲ್ಲ. ಅವನೂ ಕೈ ಹಿಂದೆ ತೆಗೆಯಲಿಲ್ಲ.

"ಒಂದ್ ಮಾತು ಹೇಳಿ ಹೋಗ್ತೀನ್ರಿ. ಮಷೀನ್ ಹಾಕ್ಕೊಳ್ಳೋದು ಬಿಟ್ಟಾನ್ರಿ ಅವ. ಬ್ಯಾಗಿನ್ಯಾಗ ಹಾಕಿ ಜಿಪ್ ಎಳದಾನ. 'ಇದರ ಸಲುವಾಗೇ ಆಕಿ ಹೋದ್ಲು' ಅಂತಾನ. ನಿನ್ನಿ ಸಿಗ್ನಲ್‌ನ್ಯಾಗ ಗಾಡಿ ಮ್ಯಾಲೇ ನಿದ್ದಿ ಹತ್ತೇತ್ರಿ. ಹಿಂದಿನವ್ರು ಹಾರ್ನ್ ಹೊಡದು ಹೊಡದು ಎಬ್ಬಿಸ್ಯಾರ."

ತೇಜಶ್ರೀಯ ಕೈ ತಾನಾಗಿಯೇ ಗೇಟನ್ನು ಹಿಡಿಯಿತು.

"ಮಾಸ್ಕ್ ಇದ್ದಾಗಲೂ ಪೂರಾ ಅರಾಮ ಇರ್ಲಿಲ್ರಿ. ಬಾಜೂಕ ಗಾಳಿ ಸೋರಿ ಸೀಟಿ ಹೊಡದಂಗ ಆಗ್ತಿತ್ತು. ಕನ್ನಡಿ ಮುಂದ ಕುಂತು ಪಟ್ಟಿ ಜಗ್ಗಿ ಜಗ್ಗಿ ಬಿಗಿತಿದ್ದ. ಮಕ್ಕೊಂಡ ಮ್ಯಾಲ ಮತ್ತ ಸೋರತಿತ್ತು. ನಾ ಎದ್ದು ಒಂದ್ಸಲ ಸರಿ ಮಾಡ್ತಿದ್ದೆ... ನಂಗೇನ್ ಗೊತ್ತಾಗತ್ರಿ? ಉಸರು ನಿಂತಾಗ ಮಾತ್ರ ಹೆದರಿಕಿ ಬರ್ತಿತ್ತು. ಅಲುಗಾಡಸ್ತಿದ್ದೆ."

ತೇಜಶ್ರೀಗೆ ಅವನ ಮೇಲೆ ವಿಚಿತ್ರವಾದ ಹೊಟ್ಟೆಕಿಚ್ಚು ಹುಟ್ಟಿತು. ಗಂಡನ ಉಸಿರು ನಿಂತಾಗ ಹೆದರಬೇಕಾದವಳು ತಾನು. ಅಲುಗಿಸಿ ಎಬ್ಬಿಸಬೇಕಾದದ್ದು ತನ್ನ ಕೈ. ಅದನ್ನೂ ಕಿತ್ತುಕೊಂಡಿದ್ದರು!

"ಕೊಡಿ ಇಲ್ಲಿ" ಎಂದು ಶೇಂಗಾ ಹಿಂಡಿ ತೆಗೆದುಕೊಂಡಳು. "ಆ ಬ್ಯಾಗ್ ಎಲ್ಲಿದೆ?"

"ನಿಮ್ಮನೀಗೆ ಒಯ್ದಾನ್ರಿ."

*

ಮರುದಿನ ಬೆಳಿಗ್ಗೆ ತೇಜಶ್ರೀ ಹಲಸೂರಿಗೆ ಹೋದಳು. ಅಂಜಿನಮ್ಮ ಸರಿದು ದಾರಿ ಬಿಟ್ಟರು. ಹಾಲ್‌ನಲ್ಲಿ ಗೋಡೆಗೆ ಒರಗಿ ಕೂತಿದ್ದ ಸುಗತ ಎದ್ದು ನಿಂತ. ಕಣ್ಣಿನ ಕೆಳಗೆ ಕಪ್ಪು. ಮೂಗಿನ ಮೇಲೆ ಹಳೆಯ ಗಾಯದ ಗುರುತು. ಮತ್ತೆ... ಮೀಸೆ ಇರಲಿಲ್ಲ!

"ಇದೇನಿದು?"

"ಮೀಸೆ ತೆಗೆದ್ರೆ ಮಾಸ್ಕ್ ಕೂರತ್ತೆ ಅಂದ್ರಲ್ಲ... ತೆಗೆದೆ. ಆಮೇಲೆ ಯಾರಿಗೋಸ್ಕರ ಹಾಕ್ಕೊಳ್ಳೋದು ಅನ್ನಿಸ್ತು."

ಮೀಸೆ ಇಲ್ಲದ ಮುಖ ಮಗುವಿನಂತೆ ಕಂಡು ಅವಳಿಗೆ ಅಳು ಬಂತು. ಅದನ್ನು ನುಂಗಿದಳು.

"ಯಾರಿಗೋಸ್ಕರವಂತೆ! ನಿಮ್ಮ ಪ್ರಾಣಕ್ಕೋಸ್ಕರ. ಮೀಸೆ ಚೆನ್ನಾಗಿದೆ ಅಂತ ನಾನು ಹೇಳಿದ್ದು ಮೀಸೆಗೆ. ನಿಮ್ಮ ಉಸಿರಿಗಿಂತ ಚೆನ್ನಾಗಿದೆ ಅಂತ ಯಾವತ್ತಾದ್ರೂ ಹೇಳಿದ್ನಾ?"

"ತೇಜು, ಆ ಮೊದಲನೇ ಹುಡುಗಿ..."

"ನಾನು ಆ ಹುಡುಗಿ ಅಲ್ಲ. ನನ್ನನ್ನ ಕೇಳಲೇ ಇಲ್ಲ ನೀವು. ಪ್ರಶ್ನೆನೂ ನೀವೇ, ಉತ್ತರನೂ ನೀವೇ! ನಾನು ಹೋಗ್ತೀನಿ ಅಂತ ನೀವೇ ತೀರ್ಮಾನ ಮಾಡಿ, ನನ್ನನ್ನ ಹೋಗೋ ಹಾಗೇ ಮಾಡಿದ್ರಿ."

ಅವನು ಮೊಣಕಾಲೂರಿ ಕೂತುಬಿಟ್ಟ. "ಮುಖಕ್ಕೆ ಆನೆ ಸೊಂಡಿಲ ಹಾಗೆ ಪೈಪ್ ಹಾಕ್ಕೊಂಡು ನಿನ್ನ ಪಕ್ಕ ಹೇಗೆ ಮಲಗ್ಲಿ? ನನಗೆ ನನ್ನ ಮೇಲೇ ಅಸಹ್ಯ. ನಿನ್ನ ಕಣ್ಣಲ್ಲೂ ಅದನ್ನ ನೋಡೋಕೆ ಆಗಲ್ಲ ಅನ್ನಿಸ್ತು. ತಪ್ಪು ನಂದೇ. ಅಮ್ಮಂದಲ್ಲ. ಅಮ್ಮ ಹೇಳಿದ್ರೂ, ಬಾಯಿ ನಂದು ತಾನೇ?"

ಆ ಒಂದು ಮಾತು ತೇಜಶ್ರೀಯ ಎದೆಗೆ ತಾಗಿತು. ಅವನು ಯಾರ ಹಿಂದೆಯೂ ಅಡಗಿಕೊಳ್ಳಲಿಲ್ಲ.

"ಬ್ಯಾಗ್ ತಗೊಳ್ಳಿ. ಹೊರಡಿ. ಬಸ್‌ನಲ್ಲಿ ಹೋಗೋಣ, ಬೈಕ್ ಬೇಡ. ಇದು ಕ್ಷಮೆ ಅಂದ್ಕೋಬೇಡಿ. ನಿಮ್ಮ ಉಸಿರು ಬೇರೆ, ನನ್ನ ಸಿಟ್ಟು ಬೇರೆ."

*

ಬೃಂದಾ ಈ ಸಲ ಕುರ್ಚಿ ತೋರಿಸಲಿಲ್ಲ. ಒಳಗಿನ ಮಂಚ ತೋರಿಸಿದಳು.

"ಮಲಗಿ ಸರ್. ಕೂತಾಗಿನ ಮುಖ ಬೇರೆ, ಮಲಗಿದಾಗಿನ ಮುಖ ಬೇರೆ. ಕೆನ್ನೆ ಸಡಿಲ ಆಗಿ ಜಾರತ್ತೆ. ಕೂತ್ಕೊಂಡು ಕನ್ನಡಿ ನೋಡಿ ಬಿಗಿದ್ರೆ ಮಲಗಿದ ತಕ್ಷಣ ಸೋರೋದೇ."

ದೊಡ್ಡ ಮಾಸ್ಕ್ ಹಾಕಿ ಮೆಷಿನ್ ಚಾಲೂ ಮಾಡಿದಳು. ಸ್ಸ್... ಎಂದು ಮೂಗಿನ ಬುಡದಿಂದ ಗಾಳಿ ಕಣ್ಣಿಗೆ ಹೊಡೆಯಿತು. ಸುಗತ ಅಭ್ಯಾಸಬಲದಿಂದ ಪಟ್ಟಿ ಎಳೆದ. ಶಬ್ದ ಇನ್ನೂ ಹೆಚ್ಚಿತು.

"ಎಳೀಬೇಡ್ರೀ!" ಎಂದಳು ತೇಜಶ್ರೀ. "ಕುಕ್ಕರ್ ಗ್ಯಾಸ್ಕೆಟ್ ಸೊಟ್ಟ ಕೂತಿದ್ರೆ ಮುಚ್ಚಳ ಒತ್ತಿದ್ರೆ ಆಗತ್ತಾ? ತೆಗೆದು ಸರಿಯಾಗಿ ಕೂರಿಸ್ಬೇಕು."

"ಕರೆಕ್ಟ್!" ಬೃಂದಾ ನಕ್ಕಳು. "ಜಾಸ್ತಿ ಬಿಗಿದ್ರೆ ಅಂಚು ಮಡಚ್ಕೊಳ್ಳತ್ತೆ. ಆಮೇಲೆ, ಮುಖಕ್ಕೆ ಎಣ್ಣೆ, ಕ್ರೀಮು ಏನೂ ಇರಬಾರದು. ಜಾರತ್ತೆ."

ತೇಜಶ್ರೀ ತುಟಿ ಕಚ್ಚಿದಳು. ತಾನು ಹಚ್ಚಿದ ಕೊಬ್ಬರಿ ಎಣ್ಣೆ! ಅವನು ಬೇಡ ಎನ್ನದೆ ಹಚ್ಚಿಸಿಕೊಂಡಿದ್ದ. ಸುಳ್ಳು ಒಬ್ಬರದಾದರೂ ಅದರ ನೋವನ್ನು ಇಬ್ಬರೂ ಸೇರಿ ಹೆಚ್ಚಿಸಿದ್ದರು.

"ಸರ್, ಈಗ ಮೂಗು ಕಟ್ಟೋದು ಕಮ್ಮಿ ಆಗಿದ್ಯಾ? ಬಾಯಲ್ಲಿ ಉಸಿರಾಡ್ತೀರಾ?"

"ಇಲ್ಲ, ಈಗ ಮೂಗಲ್ಲೇ."

"ಹಾಗಾದ್ರೆ ಇಷ್ಟು ದೊಡ್ಡದು ಯಾಕೆ? ಮೂಗಿನದೇ ನೋಡೋಣ."

ಮೊದಲು ಮೂಗಿನ ಹೊಳ್ಳೆಗೆ ಮಾತ್ರ ಒತ್ತಿ ಕೂರುವ ಪುಟ್ಟದೊಂದನ್ನು ಇಟ್ಟಳು. ಸುಗತ ಮೂರು ಸಲ ಸೀನಿ ಕಣ್ಣೀರು ಸುರಿಸಿದ. ತೇಜಶ್ರೀಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನದ ಮೇಲೆ ನಕ್ಕಿದ್ದಕ್ಕೆ ಅವಳಿಗೇ ಸಿಟ್ಟು ಬಂತು.

ಮುಂದಿನದು ಮೂಗನ್ನಷ್ಟೇ ಮುಚ್ಚುವ ಮೆತ್ತನೆಯ ಮಾಸ್ಕ್. ದೊಡ್ಡ ಅಳತೆ ಬದಿಯಲ್ಲಿ ಸೋರಿತು. ಅದಕ್ಕಿಂತ ಚಿಕ್ಕದು ಕೂತಿತು.

"ಮೇಡಂ, ನೀವೇ ಮಾಡಿ. ಪಟ್ಟಿ ಎರಡೂ ಕಡೆ ಸಮ ಇರ್ಲಿ. ಗಾಳಿ ಬರ್ತಿರುವಾಗಲೇ ಮಾಸ್ಕನ್ನ ಸ್ವಲ್ಪ ಮೇಲೆತ್ತಿ, ಮತ್ತೆ ಬಿಡಿ. ತಾನಾಗೇ ಕೂರತ್ತೆ. ಸರ್, ಈಗ ಮಗ್ಗುಲಾಗಿ."

ತೇಜಶ್ರೀಯ ಬೆರಳು ಮೊದಲು ಅಂಜಿತು. ಆಮೇಲೆ ಅವನ ಮುಖವನ್ನು ಮುಟ್ಟಿತು. ಮೂಗಿನ ಬುಡ, ಕೆನ್ನೆ, ಮೇಲ್ದುಟಿ... ಎಲ್ಲಿಯೂ ಗಾಳಿ ತಾಗಲಿಲ್ಲ. ಮುಂಭಾಗದ ಸಣ್ಣ ರಂಧ್ರಗಳಿಂದ ಮಾತ್ರ ಬಿಸಿಯುಸಿರು ಅಂಗೈಗೆ ಬಡಿಯಿತು.

"ಇಲ್ಲಿ ಸೋರ್ತಿದೆ!"

"ಅದು ಸೋರಿಕೆ ಅಲ್ಲ ಮೇಡಂ. ಬಿಟ್ಟ ಉಸಿರು ಹೊರಗೆ ಹೋಗೋ ದಾರಿ. ಅದನ್ನ ಯಾವತ್ತೂ ಮುಚ್ಚಬಾರದು. ಮನೆಯಲ್ಲಿ ಬಾಯಿ ತೆರೆದು ಗಾಳಿ ಹೋಗೋದು ಕಂಡ್ರೆ ವಾಪಸ್ ಬನ್ನಿ, ಬೇರೆ ನೋಡೋಣ."

ಅವರು ಹೊರಡುವಾಗ ಬೃಂದಾ ಫ್ರಾಕಿನ ಪೊಟ್ಟಣ ಕೊಟ್ಟಳು. ಇಬ್ಬರೂ ನಾಮಕರಣದ ಮನೆಗೆ ಹೋಗಿ, ತಡವಾಗಿಯಾದರೂ ಮಗುವನ್ನು ನೋಡಿ ಬಂದರು.

*

ಅಂದು ಸುಗತನಿಗೆ ರಜೆ. ಹಲಸೂರಿನ ಮನೆಯಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಅವನು ಕೋಣೆಯ ಬಾಗಿಲಲ್ಲಿ ನಿಂತ.

"ತೇಜು... ನೀನು ನೋಡ್ತಿರುವಾಗ ಮಲಗಬಹುದಾ?"

ಮದುವೆಯಾದವಳ ಮುಂದೆ ನಿದ್ದೆ ಮಾಡಲು ಅನುಮತಿ ಕೇಳುವ ಗಂಡ!

"ಮುಖ ತೊಳ್ಕೊಂಡು ಬನ್ನಿ" ಎಂದಳು.

ಅವನು ಮಲಗಿದ. ಅವಳು ಮಾಸ್ಕ್ ಕೂರಿಸಿದಳು. ಒಂದು ಕಡೆ ಸಣ್ಣಗೆ ಸೋರಿತು. ಎತ್ತಿದಳು, ಬಿಟ್ಟಳು. ನಿಂತಿತು. ಅವನ ರೆಪ್ಪೆ ಭಾರವಾಯಿತು.

ತೇಜಶ್ರೀ ಪಕ್ಕದಲ್ಲಿ ಕೂತು ನೋಡಿದಳು. ಹೆದರುತ್ತಲೇ ನೋಡಿದಳು. ಅವನ ಎದೆ ಏರಿತು... ಇಳಿಯಿತು... ಮತ್ತೆ ಏರಿತು. ನಿಲ್ಲಲಿಲ್ಲ.

ಹಣೆಯ ಗಂಟು ಬಿಚ್ಚಿಕೊಂಡಿತು. ಮುಷ್ಟಿ ಸಡಿಲವಾಯಿತು. ತನ್ನ ಗಂಡ ಮಲಗಿದಾಗ ಹೇಗಿರುತ್ತಾನೆ ಎಂದು ಅವಳು ಕಂಡದ್ದು ಇದೇ ಮೊದಲು. ಸೊಂಡಿಲೂ ಇಲ್ಲ, ಅಸಹ್ಯವೂ ಇಲ್ಲ. ದಣಿದ ಒಬ್ಬ ಮನುಷ್ಯ. ಇಷ್ಟನ್ನು ಕಾಣಿಸದೇ ಇರುವುದಕ್ಕಾ ಅಷ್ಟು ಸುಳ್ಳು?

ಅಂಜಿನಮ್ಮ ಬಾಗಿಲಲ್ಲಿ ಇಣುಕಿದರು. ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ನನ್ನ ಮೇಲಿನ ಕೋಪ ಇನ್ನೂ ಇದ್ಯಾ ತಾಯಿ?"

"ಇದೆ ಅತ್ತೆ."

"ಇರ್ಲಿ. ಟೀ ಇಡ್ಲಾ?"

"ಅವರು ಏಳ್ಲಿ. ಒಟ್ಟಿಗೇ ಕುಡೀತೀವಿ."

ಸಂಜೆಯ ಬಿಸಿಲು ಕಿಟಕಿಗೆ ಬಂದಾಗ ಸುಗತ ಕಣ್ಣು ತೆರೆದ. ತಬ್ಬಿಬ್ಬಾಗಿ ಮಾಸ್ಕ್ ತೆಗೆದ. ಅವಳು ಕೂತಲ್ಲೇ ಕೂತಿದ್ದಳು.

"ಇನ್ನೂ ಇದ್ದೀಯಾ?"

"ಎಲ್ಲಿಗೆ ಹೋಗ್ಲಿ?"

"ಎಷ್ಟೋ ವರ್ಷ ಆಗಿತ್ತು ತೇಜು, ಹೀಗೆ ಮಲಗಿ..." ಅವನು ಎದ್ದು ಕೂತ. "ಇನ್ಮೇಲೆ ನಿನ್ನಿಂದ ಏನನ್ನೂ ಮುಚ್ಚಿಡಲ್ಲ."

"ಹೇಳಬೇಡಿ. ಇದ್ದು ತೋರಿಸಿ."

ಅವನು ಅವಳ ಕೈ ಹಿಡಿಯಲು ಹೋಗಿ ಅರ್ಧದಲ್ಲಿ ನಿಲ್ಲಿಸಿದ.

"ಕ್ಷಮಿಸಿದ್ಯಾ?"

"ಪೂರ್ತಿ ಇಲ್ಲ."

"ಮತ್ತೆ... ಎಷ್ಟು?"

ತೇಜಶ್ರೀ ಅವನ ಕೆನ್ನೆಯನ್ನು ಒಮ್ಮೆ ನೋಡಿದಳು. ಅಲ್ಲಿ ಇವತ್ತು ಗೆರೆ ಮೂಡಿರಲಿಲ್ಲ. ದಿಂಬನ್ನು ಹತ್ತಿರ ಎಳೆದುಕೊಂಡಳು.

"ಪಕ್ಕದಲ್ಲಿ ಮಲಗೋವಷ್ಟು. ಸ್ವಲ್ಪ ಆ ಕಡೆ ಜರುಗಿ."